ನದಿಗಿಂತ ಎತ್ತರದಲ್ಲಿ ಹರಿವ ನೀರು

ಯಲಬುರ್ಗಾದಲ್ಲಿ ನೀರಿನ ಮಾತು ತೆಗೆದರೆ ಜನ ಮೊದಲು ಮೋಡದ ಕಡೆ ನೋಡುತ್ತಾರೆ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ, ಅದೂ ಹದಕ್ಕೆ ಬಂದರೆ. ಒಂದು ಕಡೆ ಎರೆಹೊಲ, ಇನ್ನೊಂದು ಕಡೆ ಕೆಂಪು ಮಸಾರಿ. ಸಜ್ಜೆ, ಹೆಸರು, ಕಡಲೆ, ಹಿಂಗಾರಿಗೆ ಬಿಳಿಜೋಳ. ಹತ್ತಿರದಲ್ಲಿ ದೊಡ್ಡ ನದಿಯಿಲ್ಲ. ಹೀಗಿದ್ದೂ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಇದೇ ಊರು ಎರಂಬರಗೆ ಎಂಬ ಹೆಸರಿನಲ್ಲಿ ಸಿಂದ ಅರಸರ ರಾಜಧಾನಿಯಾಗಿತ್ತು. ನದಿಯಿಲ್ಲದ ನೆಲದಲ್ಲಿ ರಾಜಧಾನಿ ಕಟ್ಟಿದವರು ನೀರಿಗೆ ಏನು ಮಾಡಿದರು ಎಂಬ ಪ್ರಶ್ನೆಗೆ ಉತ್ತರ ಸುತ್ತಲ ಊರುಗಳಲ್ಲಿ ಈಗಲೂ ಸಿಗುತ್ತದೆ. ಕೆರೆ, ಬಾವಿ, ಪುಷ್ಕರಣಿ. ಬಿದ್ದ ಹನಿಯನ್ನು ಬಿದ್ದಲ್ಲೇ ಹಿಡಿದು ನಿಲ್ಲಿಸುವುದು ಈ ಸೀಮೆಯ ಜಾಣತನ.

ಕುಕನೂರು ದಾಟಿ ಇಟಗಿಗೆ ಹೋದವರು ಮಹಾದೇವ ದೇವಾಲಯದ ಕಂಬಗಳನ್ನು ನೋಡಿ ಬಾಯಿ ತೆರೆದು ನಿಲ್ಲುತ್ತಾರೆ. ನಿಲ್ಲಬೇಕಾದದ್ದೇ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಈ ಗುಡಿಯನ್ನು ಅಲ್ಲಿನ ಶಾಸನವೇ ದೇವಾಲಯಗಳ ಚಕ್ರವರ್ತಿ ಎಂದು ಹೊಗಳಿದೆ. ನನಗೆ ಮಾತ್ರ ಗುಡಿಯ ಪಕ್ಕದ ಪುಷ್ಕರಣಿಯ ಮೆಟ್ಟಿಲ ಮೇಲೆ ಹೆಚ್ಚು ಹೊತ್ತು ಕೂರಬೇಕೆನಿಸಿತು. ನೀರು ಎಷ್ಟು ಕೆಳಗೆ ಇಳಿದರೂ ಅದನ್ನು ಬೆನ್ನಟ್ಟಿ ಹೋಗಲು ಮೆಟ್ಟಿಲುಗಳಿವೆ. ಬೇಸಿಗೆಯಲ್ಲಿ ನೀರು ಇಳಿಯುತ್ತದೆ, ಮನುಷ್ಯನೂ ಇಳಿಯಬೇಕು ಎಂಬ ಒಪ್ಪಂದವನ್ನು ಕಲ್ಲಿನಲ್ಲೇ ಮಾಡಿಟ್ಟಿದ್ದಾರೆ.

ಆದರೆ ನಾನು ಹುಡುಕಿ ಹೊರಟದ್ದು ನಿಲ್ಲಿಸಿದ ನೀರನ್ನಲ್ಲ, ನಡೆಸಿದ ನೀರನ್ನು. ಇದೇ ಕೊಪ್ಪಳ ಜಿಲ್ಲೆಯ ದಕ್ಷಿಣದ ಅಂಚಿನಲ್ಲಿ, ತುಂಗಭದ್ರೆಯ ದಂಡೆಯಲ್ಲಿ, ವಿಜಯನಗರದ ಅರಸರ ಕಾಲದಲ್ಲಿ ತೋಡಿದ ಕಾಲುವೆಗಳು ಇನ್ನೂ ಹರಿಯುತ್ತಿವೆ. ಅಲ್ಲಿಗೆ ದಾರಿ ತೋರಿಸಲು ಹಿರೇಹಳ್ಳ ಸಾಕು. ಯಲಬುರ್ಗಾ, ಕುಕನೂರು ಸೀಮೆಯ ಮಳೆನೀರನ್ನು ಕೂಡಿಸಿಕೊಂಡು ತೆಂಕಣಕ್ಕೆ ಇಳಿಯುವ ಹಳ್ಳ ಅದು. ಗೊಂಬೆಗಳಿಗೆ ಹೆಸರಾದ ಕಿನ್ನಾಳದ ಹತ್ತಿರ ಅದಕ್ಕೊಂದು ಅಣೆಕಟ್ಟು ಇದೆ. ಅಣೆಕಟ್ಟಿನ ಕೆಳಗೆ ಜಾಲಿ ಬೆಳೆದು, ಹೂಳು ತುಂಬಿ ಹಳ್ಳವೆಂಬುದೇ ಮರೆತುಹೋಗಿದ್ದಾಗ 2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದೆ ನಿಂತು, ಸುತ್ತಲ ಊರುಗಳ ಜನರನ್ನು ಸೇರಿಸಿ 20 ಕಿಲೋಮೀಟರಿಗೂ ಹೆಚ್ಚು ದೂರ ಸ್ವಚ್ಛಗೊಳಿಸಿದರು. ಆ ಹಳ್ಳದ ಬೆನ್ನು ಹತ್ತಿ ಹೋದರೆ ಕೊಪ್ಪಳ ತಾಲ್ಲೂಕಿನಲ್ಲಿ ತುಂಗಭದ್ರೆ ಸಿಗುತ್ತಾಳೆ. ಅಲ್ಲಿಂದ ಮುಂದೆ ಹೊಲದ ಬಣ್ಣ ಬೇರೆ, ಮಾತಿನ ವಿಷಯ ಬೇರೆ. ಮಳೆ ಎಲ್ಲಿ ಎಂದು ಕೇಳುವವರಿಗಿಂತ ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ ಎಂದು ಕೇಳುವವರೇ ಹೆಚ್ಚು.

ಮುನಿರಾಬಾದಿನಲ್ಲಿ ತುಂಗಭದ್ರಾ ಅಣೆಕಟ್ಟು. 1945ರ ಫೆಬ್ರವರಿ 28ರಂದು ಎಡದಂಡೆಯಲ್ಲಿ ಹೈದರಾಬಾದಿನ ಪರವಾಗಿ, ಬಲದಂಡೆಯಲ್ಲಿ ಮದರಾಸಿನ ಪರವಾಗಿ ಎರಡು ಅಡಿಗಲ್ಲು ಬಿದ್ದು, 1953ರಲ್ಲಿ ಮುಗಿದ ಕೆಲಸ. ಸಿಮೆಂಟಿನ ಬದಲು ಸುಣ್ಣ ಮತ್ತು ಸುರಕಿಯ ಗಾರೆಯಲ್ಲಿ ಕಟ್ಟಿದ ಕಲ್ಲಿನ ಅಣೆಕಟ್ಟು ಇದು. ಎಡದಂಡೆಯಿಂದ ಹೊರಡುವ ಮುಖ್ಯ ಕಾಲುವೆಯ ಉದ್ದ 227 ಕಿಲೋಮೀಟರು. ಗಂಗಾವತಿ, ಕಾರಟಗಿ, ಸಿಂಧನೂರುಗಳ ಇಂದಿನ ಐಶ್ವರ್ಯವೆಲ್ಲ ಅದರದೇ. ಅದರ ಮುಂದೆ ಹಳೆಯ ಕಾಲುವೆಗಳು ಕಣ್ಣಿಗೆ ಕಾಣುವುದೇ ಇಲ್ಲ. ಜಲಾಶಯದ ಕಟ್ಟೆಯ ಮೇಲೆ ಸೆಲ್ಫಿ ತೆಗೆದುಕೊಳ್ಳುವವರಲ್ಲಿ ಎಷ್ಟು ಜನಕ್ಕೆ ಆ ನೀರಿನ ಅಡಿಯಲ್ಲಿ ಇನ್ನೊಂದು ಒಡ್ಡು ಮುಳುಗಿದೆ ಎಂದು ಗೊತ್ತೋ! ಕೃಷ್ಣದೇವರಾಯ 1521ರಲ್ಲಿ ಕೊರಗಲ್ಲಿನಲ್ಲಿ ದೊಡ್ಡ ಒಡ್ಡು ಹಾಕಿಸಿದ, ಬಸವಣ್ಣ ಕಾಲುವೆ ತೋಡಿಸಿದ ಎಂದು ರಾಬರ್ಟ್ ಸೂವೆಲ್ 1900ರಲ್ಲಿ ಪ್ರಕಟಿಸಿದ ತನ್ನ ವಿಜಯನಗರದ ಚರಿತ್ರೆಯಲ್ಲಿ ಬರೆದಿದ್ದಾನೆ. ಎರಡೂ ಇನ್ನೂ ಬಳಕೆಯಲ್ಲಿವೆ ಎಂದು ಅವನು ಸೇರಿಸಿದ್ದ. ಈಗ ಬಲದಂಡೆಯ ರಾಯ ಮತ್ತು ಬಸವಣ್ಣ ಕಾಲುವೆಗಳು ನೇರವಾಗಿ ಜಲಾಶಯದಿಂದಲೇ ನೀರು ಪಡೆಯುತ್ತವೆ. ಬಾಯಿ ಹೊಸದು, ಒಡಲು ಹಳೆಯದು.

ಎರಡೂ ದಂಡೆ ಸೇರಿದರೆ ಇಂಥ ಕಾಲುವೆಗಳು ಹದಿನಾರು ಎಂದು ಇಲಾಖೆಯವರು ಎಣಿಸುತ್ತಾರೆ. ಬಲಕ್ಕೆ ರಾಯ, ಬಸವಣ್ಣ, ಬೆಲ್ಲ, ತುರ್ತಾ, ರಾಮಸಾಗರ, ಕಂಪ್ಲಿ, ಸಿರುಗುಪ್ಪ, ದೇಶನೂರು ಮೊದಲಾದವು. ನಮ್ಮ ಎಡಕ್ಕೆ ಹುಲಿಗಿ, ಶಿವಪುರ, ಆನೆಗೊಂದಿ, ಮೇಲಿನ ಗಂಗಾವತಿ, ಕೆಳಗಿನ ಗಂಗಾವತಿ, ಆಮೇಲೆ ರಾಯಚೂರು ಜಿಲ್ಲೆಯ ಬಿಚ್ಚಾಲಿ. ಒಟ್ಟು ಸುಮಾರು 11 ಸಾವಿರ ಹೆಕ್ಟೇರಿಗೆ ನೀರು. ದೊಡ್ಡ ಕಾಲುವೆಯ ಲೆಕ್ಕದ ಮುಂದೆ ಇದು ಸಣ್ಣದೇ. ಆದರೆ ಕೃಷ್ಣಾ ನೀರಿನ ಹಂಚಿಕೆಯ ಬಚಾವತ್ ನ್ಯಾಯಮಂಡಳಿಯ ಲೆಕ್ಕದಲ್ಲೂ ಈ ಕಾಲುವೆಗಳ ಪಾಲು ಪ್ರತ್ಯೇಕವಾಗಿಯೇ ಉಳಿಯಿತು. ಮೂರು ರಾಜ್ಯಗಳು ಲೋಟದ ಲೆಕ್ಕದಲ್ಲಿ ಜಗಳವಾಡಿದ ನ್ಯಾಯಾಲಯದಲ್ಲಿ ರಾಯರ ಕಾಲದ ಹಕ್ಕು ಒಂದು ಸಾಲಾಗಿ ಬದುಕಿತೆಂಬುದು ನನಗೆ ಯಾವ ಶಿಲಾಶಾಸನಕ್ಕೂ ಕಡಿಮೆಯಲ್ಲದ ಸಂಗತಿ.

ಹುಲಿಗಿಯಲ್ಲಿ ಹುಲಿಗೆಮ್ಮನ ಹುಣ್ಣಿಮೆಯ ಗದ್ದಲ ನೋಡಿದವರಿಗೆ ಆ ಊರಿಗೊಂದು ಹಳೆಯ ಕಾಲುವೆ ಇದೆ ಎಂಬುದು ಹೊಳೆಯುವುದು ಕಷ್ಟ. ಗುಡಿಯ ಜನಜಂಗುಳಿ ಬಿಟ್ಟು ಗದ್ದೆಗಳ ಕಡೆ ತಿರುಗಿದರೆ ಸಾಕು. ಶಿವಪುರದಲ್ಲೂ ಅಷ್ಟೆ. ಆದರೆ ನನ್ನನ್ನು ನಿಜಕ್ಕೂ ತಡೆದು ನಿಲ್ಲಿಸಿದ್ದು ಸಣಾಪುರ.

ಸಣಾಪುರಕ್ಕೆ ಈಗ ಬರುವವರು ಕೆರೆಯಲ್ಲಿ ಹರಗೋಲು ತಿರುಗಿಸಿಕೊಳ್ಳಲು ಬರುತ್ತಾರೆ. ಬೆಟ್ಟಗಳ ನಡುವಿನ ಆ ಕೆರೆ ಎಡದಂಡೆಯ ಹೊಸ ಕಾಲುವೆಯ ಕೂಸು, ಹಳೆಯದಲ್ಲ. ಹಳೆಯದನ್ನು ನೋಡಬೇಕಾದರೆ ನದಿಗೆ ಇಳಿಯಬೇಕು. ಇಲ್ಲಿ ತುಂಗಭದ್ರೆ ನದಿಯೆಂಬ ಶಿಸ್ತನ್ನೇ ಬಿಟ್ಟುಬಿಟ್ಟಿದ್ದಾಳೆ. ಮನೆಯಷ್ಟು ದೊಡ್ಡ ಬಂಡೆಗಳ ನಡುವೆ ಹತ್ತು ದಾರಿ ಮಾಡಿಕೊಂಡು, ಸುಳಿ ಹಾಕುತ್ತ, ಧುಮುಕುತ್ತ ಇಳಿಯುತ್ತಾಳೆ. ಈ ಇಳಿಜಾರಿನ ತಲೆಯ ಮೇಲೆ, ನದಿ ಧುಮುಕುವುದಕ್ಕೆ ಸ್ವಲ್ಪ ಮೊದಲು, ಒಡ್ಡು. ಮೊದಲ ನೋಟಕ್ಕೆ ಅದು ಮನುಷ್ಯ ಕಟ್ಟಿದ್ದೆಂದು ಗೊತ್ತಾಗುವುದೇ ಇಲ್ಲ. ಇರುವ ಬಂಡೆಗಳ ನಡುವಿನ ಸಂದುಗಳಿಗೆ ಕಲ್ಲು ತುಂಬಿದ್ದಾರೆ, ಅಷ್ಟೆ. ನದಿಗೆ ಅಡ್ಡಲಾಗಿ ನೇರ ಗೆರೆ ಎಳೆಯುವ ಹಟವಿಲ್ಲ. ಬಂಡೆ ಎಲ್ಲಿದೆಯೋ ಅಲ್ಲಿಗೆ ಒಡ್ಡು ಹೋಗಿದೆ, ಅಲ್ಲಿಂದ ಇನ್ನೊಂದಕ್ಕೆ ತಿರುಗಿದೆ. ನದಿಯ ಅರ್ಧ ಕೆಲಸವನ್ನು ನದಿಯೇ ಮಾಡಿಟ್ಟಿತ್ತು, ಉಳಿದರ್ಧವನ್ನು ಮಾತ್ರ ಕಟ್ಟಿದವರು ಮಾಡಿದರು.

ಇದರ ಗುಟ್ಟು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಈ ಒಡ್ಡು ನೀರನ್ನು ಕೂಡಿಡುವುದಿಲ್ಲ. ಮಟ್ಟವನ್ನು ತುಸು ಏರಿಸಿ, ಏರಿದ ನೀರಿನ ಒಂದು ಪಾಲನ್ನು ದಂಡೆಯ ಕಾಲುವೆಯ ಬಾಯಿಗೆ ತಿರುಗಿಸಿ ಕೊಡುತ್ತದೆ. ಮಿಕ್ಕದ್ದು ಒಡ್ಡಿನ ಮೇಲೇ ಹಾಯ್ದು ಹೋಗುತ್ತದೆ. ಅಲ್ಲಿಂದ ಮುಂದೆ ಜೂಜು ಶುರು. ನದಿ ಬಂಡೆಗಳ ನಡುವೆ ಗಡಿಬಿಡಿಯಿಂದ ಕೆಳಗಿಳಿಯುತ್ತದೆ. ಕಾಲುವೆ ಮಾತ್ರ ಇಳಿಯಲು ಒಲ್ಲೆ ಎನ್ನುತ್ತದೆ. ಗುಡ್ಡದ ಬುಡ ಹಿಡಿದು, ಹರಿಯುವುದಕ್ಕೆ ಎಷ್ಟು ಬೇಕೋ ಅಷ್ಟೇ ಇಳಿಜಾರಿನಲ್ಲಿ, ಬಳುಕುತ್ತ ಸಾಗುತ್ತದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ನದಿ ಎಲ್ಲೋ ಕೆಳಗೆ, ಕಾಲುವೆ ಮೇಲೆ. ನಡುವೆ ಇರುವ ನೆಲವೆಲ್ಲ ಈಗ ಕಾಲುವೆಯ ಮನೆ ಆಸ್ತಿ. ದಂಡೆಯಲ್ಲಿ ಒಂದು ತೂಬು ತೆರೆದರೆ ನೀರು ತಾನಾಗಿಯೇ ಗದ್ದೆಗೆ ಇಳಿದು, ಗದ್ದೆಯಿಂದ ಗದ್ದೆಗೆ ದಾಟಿ, ಉಳಿದದ್ದು ನದಿಗೇ ವಾಪಸು. ಪಂಪಿಲ್ಲ, ಕರೆಂಟಿಲ್ಲ. ನದಿಗೆ ಹಿಂದಿರುಗಿದ ನೀರನ್ನು ಕೆಳಗಿನ ಇನ್ನೊಂದು ಒಡ್ಡು ಮತ್ತೆ ಎತ್ತಿಕೊಳ್ಳುತ್ತದೆ. ಹೊಸಪೇಟೆಯಿಂದ ಕಂಪ್ಲಿಯವರೆಗೆ ನದಿಯುದ್ದಕ್ಕೂ ಎಡಕ್ಕೊಂದು ಬಲಕ್ಕೊಂದು ಒಡ್ಡು ಏಕೆ ಬಂದವೆಂದರೆ ಇದಕ್ಕೇ. ನದಿ ಎಲ್ಲೆಲ್ಲಿ ಧುಮುಕುತ್ತದೋ ಅಲ್ಲಲ್ಲಿ ಅದಕ್ಕೊಂದು ಲಾಭವಿದೆ ಎಂದು ಯಾರೋ ಕಂಡುಕೊಂಡರು.

ಯಲಬುರ್ಗಾದ ಕೆರೆ ನೀರನ್ನು ನಿಲ್ಲಿಸಿ ಬದುಕುತ್ತದೆ, ಇಲ್ಲಿಯ ಒಡ್ಡು ನಿಲ್ಲಿಸದೆ ಬದುಕುತ್ತದೆ. 2024ರ ಆಗಸ್ಟ್ 10ರ ರಾತ್ರಿ ಮುನಿರಾಬಾದಿನ ಅಣೆಕಟ್ಟಿನ 19ನೇ ಗೇಟಿನ ಸರಪಳಿ ತುಂಡಾಗಿ, ಗೇಟೇ ಕೊಚ್ಚಿಹೋಗಿ, 33 ಗೇಟುಗಳ ಜಲಾಶಯದ ನೀರು ಕಣ್ಣೆದುರೇ ಖಾಲಿಯಾಗುತ್ತಿದ್ದಾಗ ನಾಡಿಗೆ ನಾಡೇ ಉಸಿರು ಹಿಡಿದು ಕುಳಿತಿತ್ತು. ಈ ಹಳೆಯ ಒಡ್ಡಿನಲ್ಲಿ ಮುರಿಯಲು ಗೇಟೇ ಇಲ್ಲ. ಮಹಾಪೂರ ಬಂದರೆ ಅದು ನೀರಿನಡಿ ಮುಳುಗಿ ಕೂರುತ್ತದೆ. ಕೆಲವು ಕಲ್ಲು ಉರುಳುತ್ತವೆ, ಪೂರ ಇಳಿದ ಮೇಲೆ ಮತ್ತೆ ತುಂಬಬೇಕು. ಹಾಗೆಂದು ಹಳೆಯದನ್ನು ಹೊತ್ತು ಮೆರೆಸುವುದೂ ಬೇಡ. ಬೇಸಿಗೆಯಲ್ಲಿ ನದಿ ಬತ್ತಿದಾಗ ಈ ಒಡ್ಡುಗಳಿಗೆ ತಿರುಗಿಸಲು ನೀರು ಬರುವುದು ಮೇಲಿನ ಜಲಾಶಯದಿಂದ ನದಿಗೆ ಬಿಟ್ಟರೆ ಮಾತ್ರ. ಕೂಡಿಡುವವನಿಲ್ಲದೆ ತಿರುಗಿಸುವವನಿಗೆ ಈಗ ಕೆಲಸವಿಲ್ಲ.

ಒಡ್ಡಿಗೆ ಕಲ್ಲು ಹೇಗೆ ಬಂತು? 1530ರ ದಶಕದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಒಂದು ಕಥೆ ಬರೆದಿಟ್ಟಿದ್ದಾನೆ. ಹಿಂದಿನ ಒಬ್ಬ ರಾಯ ಪಟ್ಟಣಕ್ಕೆ ತೋಟ ತೋಪು ಬೇಕೆಂದು ದೂರದ ದೊಡ್ಡ ನದಿಯನ್ನೇ ತರಿಸಲು ಹೊರಟನಂತೆ. ನದಿಯ ನಡುವೆ ಬಂಡೆಗಳನ್ನು ಹಾಕಿಸಿದ. ಅದರಲ್ಲಿ ಒಂದು ಬಂಡೆಯನ್ನು ಲೆಕ್ಕವಿಲ್ಲದಷ್ಟು ಆನೆಗಳು ಎಳೆದು ತಂದವು, ಅದೊಂದೇ ನದಿಯನ್ನು ರಾಯನ ಮಾತು ಕೇಳುವಂತೆ ಮಾಡಿತು. ಆ ನೀರಿನಿಂದ ರಾಯನ ವರಮಾನ ಮೂರೂವರೆ ಲಕ್ಷ ಪರ್ದಾವ್‌ಗಿಂತ ಹೆಚ್ಚು ಏರಿತೆಂದೂ ನೂನಿಜ್ ಹೇಳುತ್ತಾನೆ. ಅವನು ಹೇಳುವುದು ಹಂಪಿಯ ದಂಡೆಯ ಮಾತು. ಆನೆಯ ಕಥೆಯಲ್ಲಿ ಎಷ್ಟು ಉಪ್ಪುಖಾರ ಇದೆಯೋ, ವರಮಾನದ ಮಾತು ಮಾತ್ರ ವ್ಯಾಪಾರಿಯ ಮಾತು. ನೀರು ಹರಿದರೆ ಖಜಾನೆ ತುಂಬುತ್ತದೆ ಎಂಬುದನ್ನು ಅವನು ಮೊದಲು ಗಮನಿಸಿದ.

ಅದೇ ನೂನಿಜ್ ಕೃಷ್ಣದೇವರಾಯನ ಕಾಲದ ದೊಡ್ಡ ಕೆರೆಯೊಂದರ ಬಗ್ಗೆಯೂ ಬರೆದಿದ್ದಾನೆ. ಹಗಲು ಕಟ್ಟಿದ್ದು ರಾತ್ರಿ ಕುಸಿಯುತ್ತಿತ್ತಂತೆ. ಗೋವೆಯಿಂದ ಬಂದ ಜೋಆವೊ ಡೆಲಾ ಪೊಂಟೆ ಎಂಬ ಕಲ್ಲುಕೆಲಸದವನು ಸುಣ್ಣ ಸುಡಿಸಿ ಎಂದಾಗ ರಾಯ ಆಶ್ಚರ್ಯಪಟ್ಟ, ಏಕೆಂದರೆ ಈ ದೇಶದವರಿಗೆ ಸುಣ್ಣದ ಬಳಕೆಯೇ ಗೊತ್ತಿರಲಿಲ್ಲ ಎಂದು ಅವನ ಅಂಬೋಣ. ಹಂಪಿಯ ಕಮಲ ಮಹಲಿನ ಗಾರೆ ಕೆಲಸವನ್ನು ನೋಡಿದ ಯಾರೂ ಈ ಮಾತು ನಂಬಲಾರರು. ಸುಣ್ಣ ಗೊತ್ತಿತ್ತು. ನದಿಯ ಒಡ್ಡಿಗೆ ಅದು ಬೇಡವಾಗಿತ್ತು, ಅಷ್ಟೆ. ಗಾರೆ ಹಾಕಿದ ಗೋಡೆ ಬಿರುಕು ಬಿಟ್ಟರೆ ಇಡಿಯಾಗಿ ಬೀಳುತ್ತದೆ. ಗಾರೆಯಿಲ್ಲದ ಕಲ್ಲುರಾಶಿ ಅಲುಗಾಡಿ, ಕುಸಿದು, ಮತ್ತೆ ಕೂತುಕೊಳ್ಳುತ್ತದೆ. ಆ ಕೆರೆ ಎರಡು ಮೂರು ಸಲ ಒಡೆಯಿತೆಂದೂ, ಕಟ್ಟೆ ನಿಲ್ಲಲೆಂದು ಮನುಷ್ಯರನ್ನೂ ಕುದುರೆ ಕೋಣಗಳನ್ನೂ ಬಲಿ ಕೊಟ್ಟರೆಂದೂ ಅದನ್ನು ನೋಡಿದ ಇನ್ನೊಬ್ಬ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬರೆದಿದ್ದಾನೆ. ನಮ್ಮ ಬೆರಗಿನೊಳಗೆ ಆ ಸಾವುಗಳೂ ಇರಬೇಕು.

ಸಣಾಪುರದಿಂದ ಹನುಮನಹಳ್ಳಿಯ ಕಡೆಗೆ ಕಾಲುವೆಯ ಏರಿಯ ಮೇಲೆ ನಡೆಯುವುದು ಈ ಸೀಮೆಯಲ್ಲಿ ನಾನು ಕಂಡ ಅತ್ಯಂತ ಸುಖದ ನಡಿಗೆ. ಎಡಕ್ಕೆ ಒಣ ಬಂಡೆಯ ಗುಡ್ಡ, ಹುಲ್ಲು ಕೂಡ ಸುಟ್ಟು ಹೋದದ್ದು. ಬಲಕ್ಕೆ ಭತ್ತ, ಬಾಳೆ, ತೆಂಗು. ನಡುವೆ ಮೂರು ನಾಲ್ಕು ಮಾರಗಲದ ನೀರು. ಬೆಂಗಾಡಿಗೂ ಹಸಿರಿಗೂ ನಡುವಿನ ಗಡಿ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಂಡಿಲ್ಲ. ಕಾಲುವೆಗಿಂತ ಒಂದು ಗೇಣು ಮೇಲಿದ್ದ ನೆಲಕ್ಕೆ ಆರು ನೂರು ವರ್ಷಗಳಿಂದ ಒಂದು ಹನಿಯೂ ಸಿಕ್ಕಿಲ್ಲ, ಒಂದು ಗೇಣು ಕೆಳಗಿದ್ದದ್ದು ಅಷ್ಟೂ ಕಾಲ ಉಂಡುಟ್ಟು ಸುಖವಾಗಿದೆ. ಬಂಡೆ ಅಡ್ಡ ಬಂದಲ್ಲಿ ಕಾಲುವೆ ಅದನ್ನು ಒಡೆಯುವುದಿಲ್ಲ, ಸುತ್ತಿ ಹೋಗುತ್ತದೆ. ಸುತ್ತಲು ಜಾಗವಿಲ್ಲದಲ್ಲಿ ಬಂಡೆಯ ಮೈಯನ್ನೇ ಒಂದು ದಂಡೆ ಮಾಡಿಕೊಂಡು ಇನ್ನೊಂದು ಬದಿಗೆ ಮಾತ್ರ ಕಲ್ಲು ಕಟ್ಟಿದ್ದಾರೆ. ಮಟ್ಟ ನೋಡಿದ್ದು ಹೇಗೆ ಎಂದು ತಲೆ ಕೆಡಿಸಿಕೊಳ್ಳುತ್ತ ನಡೆದೆ. ಬಹುಶಃ ನೀರನ್ನೇ ಕೇಳಿದರು. ಒಂದಿಷ್ಟು ತೋಡಿ, ನೀರು ಬಿಟ್ಟು, ಅದು ಎಲ್ಲಿ ತಡೆಯಿತೋ ಅಲ್ಲಿ ತಿದ್ದಿಕೊಂಡರೆ ಬೇರೆ ಯಂತ್ರ ಏಕೆ ಬೇಕು?

ಬಟ್ಟೆ ಒಗೆಯುತ್ತಿದ್ದ ಹೆಂಗಸರು ನನ್ನನ್ನು ನೋಡಿ ನಕ್ಕರು. ಅಂಜನಾದ್ರಿಯ ದಾರಿ ತಪ್ಪಿದವನೆಂದು ತಿಳಿದು ಒಬ್ಬಾಕೆ, ‘ಅಣ್ಣಾರ, ಹನುಮಪ್ಪನ ಗುಡ್ಡ ಆ ಕಡೆ ಐತ್ರಿ’ ಎಂದಳು. ಕಾಲುವೆ ನೋಡಲು ಬಂದೆ ಎಂದಾಗ ಆಕೆಗೆ ಇನ್ನಷ್ಟು ನಗು. ‘ಕಾಲವಿದಾಗ ಏನ್ ನೋಡೂದೈತಿ?’

ಬಾಳೆತೋಟದ ಬದುವಿನ ಮೇಲೆ ಕೂತಿದ್ದ ಮುದುಕ ಮಾತ್ರ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡ. ಯಾವ ಊರು, ಯಾರ ಪೈಕಿ, ಹೊಲ ಎಷ್ಟು ಎಂದೆಲ್ಲ ನನ್ನನ್ನು ವಿಚಾರಿಸಿ ಮುಗಿದ ಮೇಲೆ, ‘ಇದು ರಾಯರ ಕಾಲದ್ದು ಬಿಡ್ರಿ’ ಎಂದ. ಅವನ ಬಾಯಲ್ಲಿ ರಾಯರ ಕಾಲ ಎಂದರೆ ನಿನ್ನೆ ಮೊನ್ನೆಯ ಮಾತು. ‘ಅಜ್ಜಾ, ಹೂಳು ಯಾರು ತೆಗೀತಿದ್ರು?’ ಎಂದೆ. ‘ಯಾರ್ ಅಂದ್ರ? ನಾವ. ನೀರು ಬಂದ್ ಮಾಡಿದಾಗ ಮನಿಗೊಂದಾಳು ಬರಬೇಕಾಗಿತ್ತು. ಸಲಿಕಿ ಹಿಡ್ಕೊಂಡು ಇಳಿಯೂದು. ಈಗ ಎಲ್ಲಾ ಇಲಾಖೆದಾವ್ರ ಕೆಲಸ ಅಂತಾರ. ಜೆಸಿಬಿ ಬರ್ತೈತಿ, ಬಂದ್ರ ಬಂತು.’ ಹೊಸ ಕಾಲುವೆಗೂ ಇದಕ್ಕೂ ಏನು ಫರಕು ಎಂದು ಕೇಳಿದ್ದಕ್ಕೆ ಅವನ ಉತ್ತರ ಚುಟುಕು: ‘ಅದು ಹಂಗಾಮಿಗೆ ಬರ್ತೈತಿ, ಇದು ವರ್ಷಾನಗಟ್ಲೆ ಇರ್ತೈತಿ. ಅದಕ್ಕ ಇಲ್ಲಿ ಬಾಳಿ ಐತಿ.’ ವಿಜಯನಗರ ಕಾಲುವೆಗಳು ವರ್ಷದ ಬಹುಪಾಲು ಹರಿಯುತ್ತವೆ, ದುರಸ್ತಿಗೆಂದು ಕೆಲವೇ ವಾರ ನಿಲ್ಲುತ್ತವೆ. ಬಾಳೆ, ಕಬ್ಬು, ತೆಂಗು ಇಲ್ಲಿ ಬೇರೂರಿದ್ದಕ್ಕೆ ಕಾರಣ ಅದೇ. ಆನೆಗೊಂದಿಯ ಹೆಂಗಸರು ಬಾಳೆದಿಂಡಿನ ನಾರಿನಿಂದ ಚೀಲ, ಬುಟ್ಟಿ, ಚಾಪೆ ಹೆಣೆದು ಮಾರುತ್ತಿರುವುದೂ ಇದೇ ನೀರಿನ ದೂರದ ಫಲ.

ವಿರೂಪಾಪುರಗಡ್ಡೆಯ ಮೇಲ್ಗಾಲುವೆಯನ್ನು ನೋಡದೆ ಈ ದಾರಿ ಮುಗಿಯದು. ನದಿ ಎರಡಾಗಿ ಕವಲೊಡೆದು ನಡುವೆ ಬಿಟ್ಟ ದ್ವೀಪ ಅದು. ಎದುರಿಗೆ ಹಂಪಿಯ ವಿರೂಪಾಕ್ಷ ಗೋಪುರ. ದ್ವೀಪದ ಸುತ್ತ ನೀರು, ಆದರೆ ನೀರೆಲ್ಲ ಕೆಳಗೆ, ಬಂಡೆಗಳ ಕೊರಕಲಿನಲ್ಲಿ. ದ್ವೀಪದ ಹೊಲಕ್ಕೆ ಹನಿಸಬೇಕೆಂದರೆ ಕಾಲುವೆಯ ನೀರನ್ನೇ ನದಿಯ ತಲೆಯ ಮೇಲಿಂದ ದಾಟಿಸಬೇಕು. ದಾಟಿಸಿದರು. ಕವಲಿನ ಅಡ್ಡಕ್ಕೆ ಕಲ್ಲಿನ ಕಾಲುಗಳ ಸಾಲು ನಿಲ್ಲಿಸಿ, ಅದರ ಮೇಲೆ ನೀರಿನ ದೋಣಿ ಕಟ್ಟಿ, ನದಿಯ ನೀರನ್ನು ನದಿಯ ಮೇಲೆಯೇ ಹರಿಸಿದರು. ಪ್ರವಾಸಿ ಕೈಪಿಡಿಗಳು ಇದನ್ನು ಬುಕ್ಕನ ಮೇಲ್ಗಾಲುವೆ ಎನ್ನುತ್ತವೆ. ಈಗ ಅಲ್ಲಲ್ಲಿ ತುಂಡಾಗಿದೆ. ನೀರು ನಿಂತು ಎಷ್ಟೋ ಕಾಲವಾಗಿದೆ. ಗಿಡ ಬೇರು ಬಿಟ್ಟಿವೆ, ಕೋತಿಗಳಿಗೆ ಅದು ರಾಜಬೀದಿ. ಒಂದು ಕಾಲದಲ್ಲಿ ಗಡ್ಡೆಯ ತುಂಬ ರೆಸಾರ್ಟುಗಳಿದ್ದವು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟು, ಮಾರ್ಚಿನಲ್ಲಿ ಅವನ್ನು ಕೆಡವಲಾಯಿತು. ಸಂಜೆಯ ಹಾಡು ಕುಣಿತ ನಿಂತ ಮೇಲೆ ಕಲ್ಲಿನ ಕಾಲುಗಳ ಕಡೆ ಜನರ ಕಣ್ಣು ಹೋಗಿದೆಯೋ ಇಲ್ಲವೋ, ನಾನು ನಿಂತಿದ್ದಷ್ಟು ಹೊತ್ತು ಇನ್ಯಾರೂ ಬರಲಿಲ್ಲ.

ಹೊಳೆಯಾಚೆ, ಹಂಪಿಯ ಅರಮನೆ ಆವರಣದಲ್ಲಿ ಇದೇ ವಿದ್ಯೆಯ ಪಟ್ಟಣದ ರೂಪವಿದೆ. ಏಕಶಿಲೆಯಲ್ಲಿ ದೋಣಿ ಕೊರೆದು ಕಂಬಗಳ ಮೇಲೆ ಜೋಡಿಸಿದ ನೀರಿನ ದಾರಿ, 1980ರ ದಶಕದಲ್ಲಿ ಮಣ್ಣಿನಿಂದ ಎದ್ದ ಮೆಟ್ಟಿಲ ಪುಷ್ಕರಣಿ. ಅದರ ಕಪ್ಪು ಕಲ್ಲುಗಳ ಮೇಲೆ ಯಾವುದು ಎಲ್ಲಿ ಕೂರಬೇಕೆಂಬ ಗುರುತನ್ನು ಕನ್ನಡದಲ್ಲಿ ಕೆತ್ತಿದ್ದಾರೆ. 1443ರಲ್ಲಿ ಬಂದ ಪಾರಸೀಕ ರಾಯಭಾರಿ ಅಬ್ದುರ್ ರಜಾಕ್ ಅರಮನೆಯ ಸುತ್ತ ಹರಿಯುತ್ತಿದ್ದ ನಯಗೊಳಿಸಿದ ಕಲ್ಲಿನ ಕಾಲುವೆಗಳನ್ನು ಕಂಡು ಬೆರಗಾಗಿದ್ದ. 1565ರಲ್ಲಿ ಪಟ್ಟಣ ಹಾಳಾದ ನಂತರ ಅವೆಲ್ಲ ಒಣಗಿದವು. ಅರಮನೆಗೆ ಹೋದ ನೀರು ಅರಮನೆಯೊಡನೆ ಹೋಯಿತು. ಗದ್ದೆಗೆ ಹೋದ ನೀರು ಉಳಿಯಿತು. ದೊರೆಗಳು ಬದಲಾದರು, ಈ ದಂಡೆ ನಿಜಾಮರ ಪಾಲಾಯಿತು, ಆ ದಂಡೆ ಕಂಪನಿಯ ಪಾಲಾಯಿತು. ಉಣ್ಣುವವರು ಇದ್ದಲ್ಲಿ ಕಾಲುವೆಯ ಹೂಳು ತೆಗೆಯುವವರೂ ಇದ್ದರು.

ಇಷ್ಟೆಲ್ಲ ಕಟ್ಟಿದವರು ಯಾರು? ಈ ದಂಡೆಯಲ್ಲಿ ನನಗೆ ಹೆಸರು ಸಿಗಲಿಲ್ಲ. ಬೇರೆಡೆ ಸಿಗುತ್ತವೆ. 1388ರ ಶಾಸನವೊಂದರಲ್ಲಿ, ಪೆನುಗೊಂಡೆಗೆ ನೀರು ಬರಬೇಕೆಂದು ಇಮ್ಮಡಿ ಹರಿಹರನ ಮಗ ಪ್ರತಾಪ ಬುಕ್ಕರಾಯ ಅಪ್ಪಣೆ ಕೊಡಿಸಿ, ಜಲಸೂತ್ರದಲ್ಲಿ ಪಳಗಿದ ಸಿಂಗಾಯಭಟ್ಟ ಹೆನ್ನೆಹೊಳೆಯಿಂದ ಸಿರುವೆರದ ಕೆರೆಗೆ ಕಾಲುವೆ ತಂದ ವಿವರವಿದೆ. ಕಡಪ ಜಿಲ್ಲೆಯ ಪೊರುಮಾಮಿಳ್ಳದ 1369ರ ಶಾಸನ ಇನ್ನೂ ಸೊಗಸು. ಮೊದಲನೆಯ ಬುಕ್ಕನ ಮಗ ಭಾಸ್ಕರ ಭವದೂರ ಕಟ್ಟಿಸಿದ ಕೆರೆಗೆ ಎರಡು ವರ್ಷ ದಿನಕ್ಕೆ ಸಾವಿರ ಆಳು, ಕಲ್ಲು ತರಲು ನೂರು ಬಂಡಿ ದುಡಿದವೆಂದು ಲೆಕ್ಕ ಕೊಟ್ಟು, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಬರಬಾರದ ಆರು ದೋಷಗಳನ್ನೂ ಪಟ್ಟಿ ಮಾಡುತ್ತದೆ. ಹರಿಹರದಲ್ಲಿ 1410ರಲ್ಲಿ ಹರಿದ್ರಾ ಹೊಳೆಗೆ ಹಾಕಿದ ಕಟ್ಟೆ 1424ರ ಹೊತ್ತಿಗೆ ಒಡೆದು ಮತ್ತೆ ಕಟ್ಟಬೇಕಾಯಿತೆಂಬುದನ್ನೂ ಅಲ್ಲಿಯ ಶಾಸನಗಳು ಮುಚ್ಚಿಡುವುದಿಲ್ಲ. ಇದನ್ನೆಲ್ಲ ಓದಿದರೆ ಒಂದು ಮಾತು ಖಚಿತ. ಇದು ಯಾವುದೋ ಒಬ್ಬ ದೊರೆಗೆ ಹೊಳೆದ ಚಮತ್ಕಾರವಲ್ಲ, ಕೈಯಿಂದ ಕೈಗೆ ಹೋಗುತ್ತಿದ್ದ ಕಸುಬು. ಸೋತು ಕಲಿತ ಕಸುಬು.

ಈಚಿನ ವರ್ಷಗಳಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದಿಂದ ವಿಜಯನಗರ ಕಾಲುವೆಗಳ ಆಧುನೀಕರಣ ನಡೆದಿದೆ. ಹಳೆಯ ಮಣ್ಣಿನ ದಂಡೆಗೆ ಕಾಂಕ್ರೀಟು ಹೊದಿಸಿದ ಕಡೆ ಕಾಲುವೆ ನೇರವಾಗಿ, ಚೊಕ್ಕವಾಗಿ, ಸ್ವಲ್ಪ ಬೇಸರ ತರಿಸುವಂತೆ ಕಾಣುತ್ತದೆ. ಪುರಾತನ ವಸ್ತುಗಳ ಪ್ರೇಮಿಗೆ ಇದು ಹೊಟ್ಟೆಯುರಿ. ಆದರೆ ಕೊನೆಭಾಗದ ರೈತನನ್ನು ಕೇಳಿದರೆ ಅವನು ಕಾಂಕ್ರೀಟಿನ ಪರ. ಇಂಗಿ ಹೋಗುತ್ತಿದ್ದ ನೀರು ಈಗ ತನ್ನ ತನಕ ಬರುತ್ತದೆ ಎಂಬುದು ಅವನ ಲೆಕ್ಕ. ನಡುಭಾಗದವನು ಅದೇ ಇಂಗುವ ನೀರಿನಿಂದ ತನ್ನ ಬಾವಿ ತುಂಬುತ್ತಿತ್ತೆಂದು ಗೊಣಗುತ್ತಾನೆ. ಇಬ್ಬರ ಮಾತೂ ನಿಜ. ನನ್ನ ಹಟ ಇಷ್ಟೆ: ಒಡ್ಡುಗಳ ಕಲ್ಲು, ಬಂಡೆಗೆ ಒರಗಿದ ಹಳೆಯ ದಂಡೆ, ತೂಬುಗಳು, ಇವನ್ನು ಮುಚ್ಚುವ ಮೊದಲು ಅಳೆದು, ಚಿತ್ರ ತೆಗೆದು, ದಾಖಲಿಸಿಯಾದರೂ ಇಡಬೇಕು. ಹಂಪಿಯ ಸ್ಮಾರಕಗಳು 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಕಂಬಕ್ಕೆ ಸಿಮೆಂಟು ಮೆತ್ತಿದರೆ ಊರೆಲ್ಲ ಕೂಗುತ್ತೇವೆ. ಕಾಲುವೆಗೆ ಮೆತ್ತಿದರೆ ಅಭಿವೃದ್ಧಿ ಎನ್ನುತ್ತೇವೆ.

ಗಂಗಾವತಿಗೆ ಬರುವ ಹೊತ್ತಿಗೆ ಹಳೆಯ ಕಾಲುವೆಗಳು ಹೊಸದರ ನೆರಳಿನಲ್ಲಿ ಕಳೆದುಹೋಗುತ್ತವೆ. ಮೇಲಿನದು ಯಾವುದು, ಕೆಳಗಿನದು ಯಾವುದು, ಎಡದಂಡೆಯ ವಿತರಣಾ ಕಾಲುವೆ ಯಾವುದು ಎಂದು ಪೇಟೆಯವರಿಗೆ ಹೇಳಲು ಬರುವುದಿಲ್ಲ. ಅಕ್ಕಿ ಗಿರಣಿಗಳ ಸಾಲು, ಭತ್ತದ ಲಾರಿಗಳು. ಅಣೆಕಟ್ಟು ಬಂದ ಮೇಲೆ ಆಂಧ್ರದ ಕಡೆಯಿಂದ ಬಂದು ನೆಲೆಸಿದವರ ಕ್ಯಾಂಪುಗಳು, ಅಲ್ಲಿ ತೆಲುಗು ಬೆರೆತ ಕನ್ನಡ. ಭತ್ತವೆಂದರೆ ಗಂಗಾವತಿ ಎಂದು ಈಗ ನಾಡೆಲ್ಲ ಹೇಳುತ್ತದೆ. ಆದರೆ ಅಣೆಕಟ್ಟಿನ ಗುದ್ದಲಿ ಬೀಳುವುದಕ್ಕೆ ನೂರಾರು ವರ್ಷ ಮೊದಲೇ ನದಿಯ ಈ ಪಟ್ಟಿಯಲ್ಲಿ ಕಾಲುವೆ ನೀರು ಹರಿಯುತ್ತಿತ್ತು.

ಕಾಲುವೆಯ ದಂಡೆಯಲ್ಲಿ ಸೈಕಲ್ಲು ಒರಗಿಸಿ ತೂಬಿನ ಹಲಗೆ ಸರಿಮಾಡುತ್ತಿದ್ದ ಗ್ಯಾಂಗ್‌ಮನ್ ಒಬ್ಬ ಸಿಕ್ಕ. ಇಬ್ಬರು ರೈತರು ಪಾಳಿಯ ವಿಷಯಕ್ಕೆ ಅವನ ಎರಡು ಕಿವಿಯಲ್ಲಿ ಎರಡು ಮಾತು ಹೇಳುತ್ತಿದ್ದರು. ಒಬ್ಬನ ಪ್ರಕಾರ ಮೇಲಿನವನು ರಾತ್ರಿ ಹಲಗೆ ಎತ್ತಿದ್ದಾನೆ. ಇನ್ನೊಬ್ಬನ ಪ್ರಕಾರ ಅದು ಏಡಿಯ ಬಿಲದ ಸೋರಿಕೆ. ಅವರ ಜಗಳ ಮುಗಿಯಲಿ ಎಂದು ಕಾದು, ಹಳೆಯ ಕಲ್ಲಿನ ಕಟ್ಟಡ ಚೆನ್ನಾಗಿ ಎಲ್ಲಿ ಕಾಣುತ್ತದೆ ಎಂದು ಕೇಳಿದೆ. ಅವನು ಹಲಗೆಯ ಸಂದಿಗೆ ಹುಲ್ಲು ತುರುಕುತ್ತಲೇ ಹೇಳಿದ: ‘ಈಗ ಬಂದ್ರ ಏನ್ ಕಾಣ್ತೈತ್ರಿ ಸರ, ಬರೇ ನೀರು. ಬ್ಯಾಸಿಗ್ಯಾಗ ಬಂದ್ ಮಾಡ್ತಾರಲ್ರಿ, ಆವಾಗ ಬರ್ರಿ. ಒಡ್ಡಿನ ಮ್ಯಾಲ ನಡಕೊಂಡು ಆ ದಂಡಿಗೆ ಹೋಗಿ ಬರಬಹುದು. ಬರೂ ಮುಂದ ಒಂದ್ ಫೋನ್ ಮಾಡ್ರಿ, ಒಮ್ಮೊಮ್ಮೆ ಡ್ಯಾಮಿನಿಂದ ಹೇಳ್ದ ಕೇಳ್ದ ಬಿಟ್ಟುಬಿಡ್ತಾರ.’